ಹಸಿ ಕ್ರಿಸ್‌ಮಸ್

“ಏಳನೇ ಕ್ಲಾಸಿಗೇ ಶಾಲೆ ಬಿಟ್ಟೋನ ಕೈಗೆ ಬ್ರಷ್ ಕೊಟ್ರೆ ಇನ್ನೇನಾಗುತ್ತೆ? ನೋಡಿ, ಎಲ್ಲರೂ ಕಣ್ತುಂಬ ನೋಡಿ. ಹಸಿ ಕ್ರಿಸ್‌ಮಸ್ ಅಂತೆ! ಒಣ ಕ್ರಿಸ್‌ಮಸ್ ಯಾವಾಗಪ್ಪಾ, ಮುಂದಿನ ತಿಂಗಳಾ?”

ಮೇಷ್ಟ್ರು ಇದನ್ನು ಹೇಳುವಾಗ ನಾನು ಚರ್ಚಿನ ಗೇಟಿಗೆ ಆನಿಸಿದ್ದ ಏಣಿಯ ತುದಿಯಲ್ಲಿದ್ದೆ. ಒಂದು ಕೈಯಲ್ಲಿ ಕಮಾನಿನ ಕಬ್ಬಿಣ, ಇನ್ನೊಂದರಲ್ಲಿ ಹಗ್ಗ, ಹಗ್ಗದ ಮತ್ತೊಂದು ತುದಿ ಹಲ್ಲಿನ ನಡುವೆ. ಬೈಸಿಕೊಳ್ಳುವುದಕ್ಕೆ ಇದಕ್ಕಿಂತ ಕೆಟ್ಟ ಜಾಗ ಇಲ್ಲ. ಬಾಯಿ ತೆರೆದರೆ ಹಗ್ಗ ಬೀಳುತ್ತದೆ, ಹಗ್ಗ ಬಿದ್ದರೆ ಬ್ಯಾನರು ಬೀಳುತ್ತದೆ, ಬ್ಯಾನರು ಬಿದ್ದರೆ ಅದಕ್ಕೂ ಬೈಗುಳ. ಕೆಳಗೆ ಭಾನುವಾರದ ಪ್ರಾರ್ಥನೆ ಮುಗಿಸಿ ಹೊರಬಂದ ಜನ ಕತ್ತೆತ್ತಿ ನಿಂತಿದ್ದರು. ಮೊದಲು ಯಾರೋ ಒಬ್ಬರು ಕಿಸಕ್ಕೆಂದರು. ಆಮೇಲೆ ಎಲ್ಲರೂ ನಕ್ಕರು. ಅಮ್ಮನ ಕಂಕುಳಲ್ಲಿದ್ದ ಒಂದು ಕೂಸೂ ನಕ್ಕಿತು. ಆ ಗುಂಪಿನಲ್ಲಿ ನಿಜವಾಗಿ ಹಸಿಯಾಗಿದ್ದದ್ದು ಅದೊಂದೇ.

ಬ್ಯಾನರಿನಲ್ಲಿ ಇದ್ದದ್ದು ‘ಬನ್ನಿ, ಹಸಿ ಕ್ರಿಸ್‌ಮಸ್ ಆಚರಿಸೋಣ’. ಇರಬೇಕಾದದ್ದು ‘ಹಸಿರು ಕ್ರಿಸ್‌ಮಸ್’. ಗಿಡ ಮರ ಗಾಳಿ ನೀರು ಎಲ್ಲವನ್ನೂ ಕಾಪಾಡುವ ಹಬ್ಬ. ಒಂದು ‘ರು’ ಹೋದದ್ದೇ ತಡ, ಬೇಯಿಸದೆ ಇಳಿಸಿದ ಹಬ್ಬವಾಗಿತ್ತು.

ಆ ‘ರು’ ನುಂಗಿದವನು ನಾನಲ್ಲ.

ಮೇಷ್ಟ್ರು ಎಂದರೆ ನಮ್ಮ ಬೀದಿಯ ಎರಡು ತಲೆಮಾರಿಗೆ ಭಾಷೆ ಕಲಿಸಿದವರು. ಅಕ್ಷರ ತಪ್ಪಿದರೆ ಕಿವಿ ಹಿಂಡುತ್ತಿದ್ದರು. ನನ್ನ ಎಡಗಿವಿ ಬಲಗಿವಿಗಿಂತ ಇವತ್ತಿಗೂ ಚೂರು ಉದ್ದ. ನಿವೃತ್ತರಾದ ಮೇಲೆ ಹಿಂಡಲು ಕಿವಿಗಳು ಸಿಗದೆ ಒದ್ದಾಡಿ, ಚರ್ಚಿನ ಹಬ್ಬ ಸಮಿತಿಯ ಕಾರ್ಯದರ್ಶಿಯಾದರು. ಆ ವರ್ಷ ಎಲ್ಲಿಂದಲೋ ಅವರ ತಲೆಗೆ ಪರಿಸರ ಹೊಕ್ಕಿತು. ಪರಿಸರ ಮಂಡಳಿಯವರು ಪ್ರಶಸ್ತಿಪತ್ರ ಕೊಡುತ್ತಾರಂತೆ, ಹಬ್ಬದ ದಿನ ಮೇಡಂ ಒಬ್ಬರು ಬಂದು ನೋಡುತ್ತಾರಂತೆ ಎಂದು ಗೊತ್ತಾದ ಮೇಲಂತೂ ಅದು ತಲೆಯಿಂದ ಕಾಲಿಗಿಳಿದು ಅವರನ್ನು ಓಡಾಡಿಸತೊಡಗಿತು.

ನಾನು ಬೋರ್ಡು ಬರೆಯುವವನು. ಅಪ್ಪ ಬರೆಯುತ್ತಿದ್ದ, ಈಗ ನಾನು. ಒಂದು ಕಾಲದಲ್ಲಿ ಈ ಬೀದಿಯಲ್ಲಿ ಓದಲಿಕ್ಕೆ ಇದ್ದದ್ದೆಲ್ಲ ಅಪ್ಪನ ಕೈಬರಹವೇ. ಔಷಧಿ ಅಂಗಡಿ, ಹಲ್ಲಿನ ಡಾಕ್ಟರು, ‘ಇಲ್ಲಿ ಮೂತ್ರ ಮಾಡಬಾರದು’, ಎಲ್ಲ. ಆಮೇಲೆ ಅಪ್ಪನ ಕೈ ನಡುಗಲು ಶುರುವಾಯಿತು. ನಾನು ಶಾಲೆ ಬಿಟ್ಟದ್ದು ಆಗ. ಅಕ್ಷರ ಬಾರದೆ ಬಿಟ್ಟೆ ಎಂದು ಜನ ತಿಳಿದಿದ್ದಾರೆ. ಅಕ್ಷರದ ಕೆಲಸ ಮನೆಯಲ್ಲಿ ಕಾಯುತ್ತಿತ್ತು, ಅದಕ್ಕೆ ಬಿಟ್ಟೆ. ನನ್ನ ಕೈ ಕುದುರುವ ಹೊತ್ತಿಗೆ ಬೀದಿಯ ಕೊನೆಯಲ್ಲಿ ಫ್ಲೆಕ್ಸ್ ಯಂತ್ರ ಬಂದು ಕೂತಿತು. ಒಂದು ಗಂಟೆಯಲ್ಲಿ ಬೋರ್ಡು, ಜೊತೆಗೆ ನಿಮ್ಮ ಫೋಟೋ ಪುಕ್ಕಟೆ. ಯಾರು ಬಿಡುತ್ತಾರೆ? ಕೈಬರಹದ ಕೆಲಸ ಎಂದು ಉಳಿದದ್ದು ಗಾಡಿಗಳ ಹಿಂದಿನ ನಂಬರು, ಮತ್ತೆ ಹಿಂದಿನ ತಿಂಗಳು ಚರ್ಚಿನವರೇ ಬರೆಸಿದ ಎರಡು ಡ್ರಮ್ಮು. ಒಂದಕ್ಕೆ ‘ಹಸಿ ಕಸ’, ಇನ್ನೊಂದಕ್ಕೆ ‘ಒಣ ಕಸ’.

ಹೀಗಿರುವಾಗ ಮೇಷ್ಟ್ರೇ ಮನೆಗೆ ಬಂದರು. “ಫ್ಲೆಕ್ಸು ಪ್ಲಾಸ್ಟಿಕ್ಕು. ನಮಗೆ ಬಟ್ಟೆ ಮೇಲೆ ಕೈಯಲ್ಲೇ ಬರೆದ ಬ್ಯಾನರ್ ಬೇಕು. ಹನ್ನೆರಡಡಿ. ಗೇಟಿಗೆ” ಎಂದರು. ಅಪ್ಪ ಕುರ್ಚಿಯಿಂದ ಎದ್ದು ನಿಂತ. ಎರಡು ವರ್ಷದಿಂದ ಅಪ್ಪ ನಾಲ್ಕು ಜನ ಸೇರುವ ಕಡೆ ಹೋದವನಲ್ಲ. ಲೋಟ ಹಿಡಿದರೆ ನೀರು ಚೆಲ್ಲುತ್ತದೆ, ಜನ ನೋಡುತ್ತಾರೆ ಎಂದು. ಅವತ್ತು ಮೇಷ್ಟ್ರು ಹೋದ ಮೇಲೆ ಹೇಳಿದ: “ಮಗಾ, ಹಬ್ಬದ ದಿನ ನಾನು ಬರ್ತೀನಿ. ಗೇಟಿನ ಕೆಳಗೆ ನಿಂತ್ಕೊಂಡು ನಿನ್ನ ಅಕ್ಷರ ನೋಡ್ತೀನಿ.”

ನನಗೆ ಬೇಕಾದದ್ದು ಅಷ್ಟೇ. ಪ್ರಶಸ್ತಿಪತ್ರ ಅವರೇ ಇಟ್ಟುಕೊಳ್ಳಲಿ.

ನಮ್ಮ ಕಸುಬಿನಲ್ಲಿ ಒಂದು ನಿಯಮ ಇದೆ. ಬರೆಸುವವರು ಚೀಟಿಯಲ್ಲಿ ಬರೆದುಕೊಡಬೇಕು. ಚೀಟಿಯಲ್ಲಿ ಇದ್ದದ್ದು ಬೋರ್ಡಿನಲ್ಲಿ. ಕೆಲಸ ಮುಗಿದ ಮೇಲೆ ಚೀಟಿಯನ್ನು ಗೋಡೆಯ ತಂತಿಗೆ ಚುಚ್ಚಿಡಬೇಕು, ನಾಳೆ ಯಾರಾದರೂ ತಕರಾರು ತೆಗೆದರೆ ಇರಲಿ ಎಂದು. ಮೇಷ್ಟ್ರು ನಿಂತ ನಿಲುವಿನಲ್ಲೇ ಜೇಬಿನಿಂದ ಪೆನ್ನು ತೆಗೆದು ಗೀಚಿಕೊಟ್ಟರು. ಅವರ ಬರಹ ನೋಡಲು ಚಂದ, ಆದರೆ ಯಾವ ಪದಕ್ಕೂ ಬಾಲ ಇರುವುದಿಲ್ಲ. ಕೊನೆಯ ಅಕ್ಷರ ಬರುವಷ್ಟರಲ್ಲಿ ಅವರ ಮನಸ್ಸು ಮುಂದಿನ ಪದಕ್ಕೆ ಓಡಿರುತ್ತದೆ.

ಚೀಟಿ ಓದಿದಾಗಲೇ ನನಗೆ ಅನುಮಾನ ಬಂತು. ಬೀದಿ ದಾಟುತ್ತಿದ್ದವರನ್ನು ಕೂಗಿ ಕೇಳಿದೆ. “ಮೇಷ್ಟ್ರೇ, ಇಲ್ಲಿ ‘ಹಸಿ’ ಅಂತಿದೆ.”

ಅವರು ತಿರುಗಿಯೂ ನೋಡಲಿಲ್ಲ. “ಬರೆದಿದ್ದನ್ನ ಬರೆಯೋದು ನಿನ್ನ ಕೆಲಸ. ಅರ್ಥ ಮಾಡ್ಕೊಳ್ಳೋದು ನನ್ನ ಕೆಲಸ.”

ಸರಿ. ಹಸಿ ಕಸ ಬರೆಸಿದವರು ಹಸಿ ಕ್ರಿಸ್‌ಮಸ್ ಬರೆಸಬಾರದೆಂದು ಎಲ್ಲಿದೆ? ಪರಿಸರದವರಿಗೆ ದಿನಕ್ಕೊಂದು ಹೊಸ ಮಾತು ಹುಟ್ಟುತ್ತದೆ. ಗಂಜಿ ಹಾಕಿದ ಬಟ್ಟೆ ಬಿಗಿದು, ಸೀಮೆಸುಣ್ಣ ಹಚ್ಚಿದ ದಾರ ಚಿಮ್ಮಿಸಿ ಗೆರೆ ಹಾಕಿ, ಮೂರು ದಿನ ಕೂತು ಬರೆದೆ. ಅಪ್ಪನಿಗೆ ತೋರಿಸಲಿಲ್ಲ. ಗೇಟಿನಲ್ಲೇ ನೋಡಲಿ ಎಂದು ಹಿಂಬದಿಯ ಕೋಣೆಯ ಬಾಗಿಲು ಹಾಕಿಕೊಂಡು ಬರೆದೆ.

ಆ ಭಾನುವಾರ ಏಣಿಯಿಂದ ಇಳಿದವನು ಮೇಷ್ಟ್ರ ಹತ್ತಿರ ಹೋಗಿ, “ನೀವು ಬರೆದುಕೊಟ್ಟಿದ್ದನ್ನೇ ಬರೆದಿದ್ದೀನಿ” ಎಂದೆ.

“ನಾನು? ನಲವತ್ತು ವರ್ಷ ಮಕ್ಕಳಿಗೆ ಭಾಷೆ ಕಲಿಸಿದ ನಾನು?” ಎಂದು ಅವರು ಜನರ ಕಡೆ ತಿರುಗಿದರು. ಜನ ಮತ್ತೆ ನಕ್ಕರು. ಪಾದ್ರಿಗಳು ಒಳ್ಳೆಯವರು, ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ಆದರೆ ಅವರೂ ನಗು ಒರೆಸಿಕೊಂಡೇ ಕೈ ಎತ್ತಿದ್ದು.

ಮನೆಗೆ ಓಡಿದೆ. ತಂತಿಯಿಂದ ಚೀಟಿ ಕಿತ್ತುಕೊಂಡು ಬಂದೆ. ಅಷ್ಟರಲ್ಲಿ ಜನ ಚದುರಿದ್ದರು. ಅಂಗಳದಲ್ಲಿ ಮೇಷ್ಟ್ರೊಬ್ಬರೇ ಫೋನಿನಲ್ಲಿ ಫ್ಲೆಕ್ಸ್ ಅಂಗಡಿಯವನ ಜೊತೆ ಮಾತಾಡುತ್ತಿದ್ದರು. “ಹಾಂ, ಎಲೆ ಹಾಕು, ಒಂದು ಹಿಮಕರಡಿ ಹಾಕು. ಬಲಗಡೆ ನನ್ನ ಫೋಟೋ.”

ಚೀಟಿ ಮುಂದೆ ಹಿಡಿದೆ. ಓದಿದರು. ಕನ್ನಡಕ ಏರಿಸಿ ಇನ್ನೊಮ್ಮೆ ಓದಿದರು. ಕಿವಿ ಕೆಂಪಾಯಿತು, ಯಾರೂ ಹಿಂಡದೆ. ಆಮೇಲೆ ನಿಧಾನವಾಗಿ ಚೀಟಿಯನ್ನು ಉಂಡೆ ಮಾಡಿ, ನಾನೇ ಬರೆದ ಡ್ರಮ್ಮುಗಳ ಹತ್ತಿರ ಹೋಗಿ, ಎರಡನ್ನೂ ಓದಿ, ಸರಿಯಾದದ್ದನ್ನು ಆರಿಸಿ ಹಾಕಿದರು.

“ಕಾಗದ. ಒಣ ಕಸ” ಎಂದರು. “ಬೇರ್ಪಡಿಸೋದು ಕಲೀಬೇಕಪ್ಪ ಎಲ್ಲರೂ.”

“ಬೇರೆ ಬಟ್ಟೆ ಬರೆದುಕೊಡ್ತೀನಿ. ಎರಡು ದಿನ ಕೊಡಿ.”

“ಬೇಡ. ಫ್ಲೆಕ್ಸು ಸಂಜೆಗೇ ಬರುತ್ತೆ. ಆ ಬಟ್ಟೆ ಇಳಿಸಿ ಉಗ್ರಾಣದಲ್ಲಿ ಹಾಕು.”

ಅವರು ಹೋದ ಮೇಲೆ ಡ್ರಮ್ಮಿಗೆ ತೋಳು ಇಳಿಸಿದೆ. ನಾನು ಬರೆದ ಡ್ರಮ್ಮು, ನನಗೆ ನಾಚಿಕೆ ಏನು? ಚೀಟಿ ಸಿಕ್ಕಿತು. ತೊಡೆಯ ಮೇಲಿಟ್ಟು ಸುಕ್ಕು ಬಿಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡೆ. ಮನೆಮನೆಗೆ ಹೋಗಿ ‘ನೋಡಿ ನೋಡಿ’ ಎಂದು ತೋರಿಸುವಷ್ಟು ಇಳಿದಿರಲಿಲ್ಲ. ಎಲ್ಲರೆದುರು ಆದದ್ದು ಎಲ್ಲರೆದುರೇ ತೀರಬೇಕು. ಹಬ್ಬದ ದಿನ ಊಟಕ್ಕೆ ಇಡೀ ಸಭೆ ಸೇರಿರುತ್ತದೆ. ಆಗ ನಡುವೆ ನಿಂತು, ಚೀಟಿ ಬಿಚ್ಚಿ, ಒಂದೊಂದೇ ಅಕ್ಷರ ಗಟ್ಟಿಯಾಗಿ ಓದುತ್ತೇನೆ. ಅಪ್ಪನೂ ಕೇಳಲಿ. ನಾಲ್ಕು ದಿನ ಸ್ನಾನ ಮಾಡುವಾಗ, ಬ್ರಷ್ ತೊಳೆಯುವಾಗ, ಅದೇ ಮಾತನ್ನು ಅಭ್ಯಾಸ ಮಾಡಿದೆ.

ಆ ನಾಲ್ಕು ದಿನದಲ್ಲಿ ಚರ್ಚಿನ ಅಂಗಳದಲ್ಲಿ ಪರಿಸರ ಉಳಿಸುವ ಕೆಲಸ ಎಷ್ಟು ಜೋರಾಗಿ ನಡೆಯಿತೆಂದರೆ ಪರಿಸರಕ್ಕೆ ಓಡಿಹೋಗಲೂ ದಾರಿ ಇರಲಿಲ್ಲ. ಹನ್ನೊಂದು ವರ್ಷದಿಂದ ಒಂದೂ ಮುಕ್ಕಾಗದೆ ಉರಿಯುತ್ತಿದ್ದ ಪ್ಲಾಸ್ಟಿಕ್ ನಕ್ಷತ್ರಗಳನ್ನು, ಪ್ಲಾಸ್ಟಿಕ್ ಎಂಬ ಅಪರಾಧಕ್ಕೆ, ಲಾರಿ ತುಂಬಿಸಿ ಕಸದ ಗುಡ್ಡಕ್ಕೆ ಕಳಿಸಿದರು. ಬದಲಿಗೆ ಬಂದ ಕಾಗದದ ನಕ್ಷತ್ರಗಳು ಮಳೆಗೆ ನೆನೆಯದಿರಲೆಂದು ಒಂದೊಂದೂ ಒಂದೊಂದು ಪ್ಲಾಸ್ಟಿಕ್ ಚೀಲದಲ್ಲಿ ಕೂತಿದ್ದವು. ಮರ ಕಡಿಯಬಾರದು, ಖಾಲಿ ನೀರಿನ ಬಾಟಲಿಗಳಿಂದಲೇ ಮರ ಕಟ್ಟಬೇಕು ಎಂದು ತೀರ್ಮಾನವಾಯಿತು. ಖಾಲಿ ಬಾಟಲಿ ಅಷ್ಟು ಸಿಗಲಿಲ್ಲ. ತುಂಬಿದ ಬಾಟಲಿಗಳನ್ನು ತರಿಸಿ, ಒಂದೊಂದನ್ನೂ ಮೋರಿಗೆ ಸುರಿದು ಖಾಲಿ ಮಾಡಿದರು. ಕರೆಂಟು ಉಳಿಸಬೇಕೆಂದು ಸಭಾಂಗಣದ ಮೇನ್ ಸ್ವಿಚ್ಚು ಇಳಿಸಿ, ಮೈಕಿಗೆಂದು ಡೀಸೆಲ್ ಜನರೇಟರು ತಂದು ನಿಲ್ಲಿಸಿದರು. ಅದು ಕೆಮ್ಮುವುದನ್ನು ಕೇಳಿದರೆ ಅದಕ್ಕೂ ಪರಿಸರ ಹಿಡಿಸಿದಂತಿರಲಿಲ್ಲ. ಗೇಟಿನ ಮೇಲೆ ಫ್ಲೆಕ್ಸು ಪಟಪಟ ಬಡಿದುಕೊಳ್ಳುತ್ತಿತ್ತು. ‘ಹಸಿರು ಕ್ರಿಸ್‌ಮಸ್’. ‘ರು’ ಎಲ್ಲಕ್ಕಿಂತ ದೊಡ್ಡದಾಗಿತ್ತು. ಹಿಮಕರಡಿಗಿಂತ ಮೇಷ್ಟ್ರು ದೊಡ್ಡದಾಗಿದ್ದರು.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಚರ್ಚಿನ ಅಡುಗೆಮನೆಗೆ ಹೋದೆ. ಅಲ್ಲಿ ನಮ್ಮ ದೊಡ್ಡಮ್ಮನದೇ ದರ್ಬಾರು. ಅಮ್ಮ ಹೋದ ಮೇಲೆ ನನಗೆ ಅನ್ನ ಹಾಕಿದವಳು ಅವಳು. ಹಬ್ಬದ ದಿನ ಇಡೀ ಸಭೆಗೂ ಅವಳೇ ಹಾಕುವುದು. ಬೇರೆ ವರ್ಷ ಈ ಹೊತ್ತಿಗೆ ಅಲ್ಲಿ ಕಾಲಿಡಲು ಆಗುತ್ತಿರಲಿಲ್ಲ, ಅಷ್ಟು ಹೊಗೆ. ಈಗ ಒಲೆಗಳು ತಣ್ಣಗಿದ್ದವು. ಹೆಂಗಸರೆಲ್ಲ ನೆಲದ ಮೇಲೆ ಕೂತು ಕ್ಯಾರೆಟ್ಟಿನ ಗುಡ್ಡೆಯ ಹಿಂದೆ ಮರೆಯಾಗಿದ್ದರು.

“ಬಾರೋ, ಕೂತ್ಕೋ, ಚಾಕು ಹಿಡ್ಕೋ” ಎಂದಳು ದೊಡ್ಡಮ್ಮ.

“ಒಲೆ ಯಾಕೆ ಹಚ್ಚಿಲ್ಲ?”

“ಹಚ್ಚೋ ಹಾಗಿಲ್ವಲ್ಲೋ. ಈ ಸಲ ಹಸಿ ಹಬ್ಬ.” ಗೋಡೆಯ ಕಡೆ ಚಾಕು ತೋರಿಸಿದಳು.

ಗೋಡೆಗೆ ಒಂದು ಚೀಟಿ ಅಂಟಿಸಿತ್ತು. ಅದೇ ಕೈ, ಅದೇ ಬಾಲವಿಲ್ಲದ ಬರಹ. ‘ಊಟದ ವಿಭಾಗಕ್ಕೆ: ಈ ಸಲ ಹಸಿ ಕ್ರಿಸ್‌ಮಸ್. ಊಟದಲ್ಲಿಯೂ ಕಟ್ಟುನಿಟ್ಟಾಗಿ ಪಾಲಿಸುವುದು.’

ಹತ್ತಿರ ಹೋಗಿ ಎರಡು ಸಲ ಓದಿದೆ.

“ದೊಡ್ಡಮ್ಮಾ, ಅದು ಹಸಿರು. ಎಲೆ ತಟ್ಟೆ ಬಳಸಿ, ಪ್ಲಾಸ್ಟಿಕ್ ಲೋಟ ಬೇಡ ಅಂತ ಅರ್ಥ. ಮೇಷ್ಟ್ರು ‘ರು’ ಬಿಟ್ಟಿದ್ದಾರೆ.”

ದೊಡ್ಡಮ್ಮ ಚಾಕು ಕೆಳಗಿಟ್ಟು, ನನಗೆ ಜ್ವರ ಇದೆಯೇನೋ ಎಂಬಂತೆ ನೋಡಿದಳು. “ನೋಡು, ಬ್ಯಾನರಲ್ಲಿ ಹಸಿರು ಅಂತ ಇರಬೇಕಿತ್ತು, ನೀನು ಹಸಿ ಅಂತ ಬರ್ದೆ. ಅದು ನಿನ್ನ ತಪ್ಪು. ಇಲ್ಲಿ ಹಸಿ ಅಂತ ಬರೆದಿರೋದು ಮೇಷ್ಟ್ರು. ಮೇಷ್ಟ್ರು ತಪ್ಪು ಬರೀತಾರೇನೋ?”

“ಬ್ಯಾನರಿನ ಚೀಟೀನೂ ಅವರೇ...”

“ಬಿಡು ಮಗಾ. ಮನುಷ್ಯ ಅಂದ್ಮೇಲೆ ತಪ್ಪಾಗುತ್ತೆ. ಅದನ್ನ ದೊಡ್ಡವರ ತಲೆಗೆ ಕಟ್ಟಬಾರದು.” ಹೆಂಗಸರು ಲೊಚಗುಟ್ಟಿದರು. ಆದರೂ ಅವಳಿಗೇ ಒಂದು ಅನುಮಾನ ಉಳಿದಿತ್ತು. “ಕೇಕ್ ವಿಷಯ ಮಾತ್ರ ಕೇಳ್ಕೊಂಡು ಬರ್ತೀನಿ” ಎಂದು ಎದ್ದಳು. ನಾನೂ ಹಿಂದೆ ಹೋದೆ.

ಮೇಷ್ಟ್ರು ಜನರೇಟರಿನ ಪಕ್ಕ, ಒಂದು ಕಿವಿಗೆ ಬೆರಳಿಟ್ಟು ನಿಂತಿದ್ದರು. ಜನರೇಟರು ಬೊಬ್ಬೆ ಹೊಡೆಯುತ್ತಿತ್ತು.

“ಮೇಷ್ಟ್ರೇ! ಕೇಕೂ ಹಸೀನೇನಾ?”

“ಎಲ್ಲಾ! ಕೇಕಿಂದ ಹಿಡಿದು ಕೈ ಒರೆಸೋ ಕಾಗದದವರೆಗೆ ಎಲ್ಲಾ!”

“ಕೋಳಿ?”

“ಕೋಳೀನೂ! ಚೀಟೀಲಿ ಬರೆದಿದ್ದೀನಲ್ಲಮ್ಮಾ. ಬರೆದಿದ್ದನ್ನ ಮಾಡೋದು ನಿಮ್ಮ ಕೆಲಸ. ಅರ್ಥ ಮಾಡ್ಕೊಳ್ಳೋದು ನನ್ನ ಕೆಲಸ!”

ದೊಡ್ಡಮ್ಮ ವಾಪಸ್ಸು ಬಂದು ತಲೆಯ ಮೇಲೆ ಕೈ ಹೊತ್ತು ಕೂತಳು. “ಹಸಿ ಕೋಳಿ ಹೇಗೆ ಬಡಿಸಲಿ? ಜನ ಸಾಯ್ತಾರೆ. ಬೇಡಪ್ಪ. ಕೋಳಿ ಅಂಗಡಿಗೆ ಹೇಳಿಬಿಡು, ಈ ವರ್ಷ ಬೇಡ ಅಂತ.” ನಾನೇ ಹೋಗಿ ಹೇಳಿ ಬಂದೆ. ಆ ವರ್ಷ ಹಬ್ಬ ಮಾಡಿದ್ದು ಕೋಳಿಗಳು.

ಮೇಷ್ಟ್ರ ತೋಳು ಹಿಡಿದು, ಜನರೇಟರಿನಿಂದ ದೂರ ಎಳೆದುಕೊಂಡು ಹೋಗಿ ಬಿಡಿಸಿ ಹೇಳಬಹುದಿತ್ತು. ಹೇಳಲಿಲ್ಲ. ಅಡುಗೆಮನೆಗೆ ಬಂದು ಚಾಕು ಹಿಡಿದೆ. ಜನ್ಮದಲ್ಲಿ ಅಷ್ಟು ಖುಷಿಯಿಂದ ನಾನು ತರಕಾರಿ ಹೆಚ್ಚಿದ್ದಿಲ್ಲ. ಕ್ಯಾರೆಟ್ಟು, ಮೂಲಂಗಿ, ಸೌತೆಕಾಯಿ, ಕೋಸು, ಬೀಟ್‌ರೂಟು. ಕೇಕಿನ ಅಚ್ಚಿಗೆ ಖರ್ಜೂರ ಜಜ್ಜಿ ತುಂಬಿ ತಟ್ಟಿದೆವು. ನೋಡಲು ಕೇಕಿನ ಹಾಗೇ ಇತ್ತು, ಎತ್ತಲು ಇಟ್ಟಿಗೆಯ ಹಾಗೆ.

ಹೊರಡುವಾಗ ದೊಡ್ಡಮ್ಮ ಉಗ್ರಾಣದಿಂದ ಒಂದು ಬಟ್ಟೆಯ ಸುರುಳಿ ಹೊತ್ತು ತಂದಳು. ನನ್ನ ಬ್ಯಾನರು.

“ಒಳ್ಳೇ ಬಟ್ಟೆ ಕಣೋ. ಬಡಿಸೋ ಮೇಜಿನ ಮುಂದೆ ಕಟ್ತೀನಿ, ಮೇಜಿನ ಕಾಲುಗೀಲು ಕಾಣಲ್ಲ. ಹಸಿ ಊಟ, ಹಸಿ ಕ್ರಿಸ್‌ಮಸ್. ನಿನ್ನ ತಪ್ಪು ನನಗೆ ಸರಿಹೋಯ್ತು ನೋಡು.”

ಹಬ್ಬದ ದಿನ ಅಪ್ಪ ಬಂದ. ಇಸ್ತ್ರಿ ಮಾಡಿದ ಅಂಗಿ, ನಡುಗುವ ಬಲಗೈ ಪ್ಯಾಂಟಿನ ಜೇಬಿನೊಳಗೆ. ಗೇಟಿನ ಕೆಳಗೆ ನಿಂತು ಕತ್ತೆತ್ತಿದ. ಹಿಮಕರಡಿಯನ್ನು ನೋಡಿದ. ಮೇಷ್ಟ್ರನ್ನು ನೋಡಿದ. ಬೈಗುಳದ ಸಂಗತಿ ಅಪ್ಪನಿಗೆ ಗೊತ್ತಾಗಬಾರದೆಂದು ದೊಡ್ಡಮ್ಮನ ಕೈಲಿ ಮಾತು ತೆಗೆದುಕೊಂಡಿದ್ದೆ.

“ಇದಾ?” ಎಂದ.

“ಅಲ್ಲ.”

“ನಿನ್ನದೆಲ್ಲಿ?”

“ಒಳಗಿದೆ ಬಾ” ಎಂದೆ. ಜೇಬಿನಲ್ಲಿದ್ದ ಚೀಟಿಯನ್ನು ಅಂಗಿಯ ಮೇಲಿಂದಲೇ ಮುಟ್ಟಿ ನೋಡಿಕೊಂಡೆ.

ಪ್ರಾರ್ಥನೆ ಮುಗಿಯಿತು. ಜನ ಸಭಾಂಗಣಕ್ಕೆ ನುಗ್ಗಿದರು. ಬೆಳಿಗ್ಗೆಯಿಂದ ಹೊಟ್ಟೆ ಖಾಲಿ ಇಟ್ಟುಕೊಂಡು ಬಂದವರು ತಟ್ಟೆ ಹಿಡಿದು ಸಾಲು ನಿಂತರು. ಸಾಲು ಮೇಜು ತಲುಪಿದ ಕೂಡಲೇ ಗುಜುಗುಜು ಶುರುವಾಯಿತು.

“ಇದು ಊಟಕ್ಕೆ ಮುಂಚಿನದಾ ಅಕ್ಕಾ?”

“ಮುಂಚಿನದೂ ಇದೇ, ಆಮೇಲಿನದೂ ಇದೇ.”

“ಕೋಳಿ ಎಲ್ಲಿ?”

“ಆರಾಮಾಗಿದೆ.”

“ನಮ್ಮನ್ನೇನು ಮೊಲ ಅಂದ್ಕೊಂಡಿದ್ದಾರಾ?” ಎಂದು ಒಬ್ಬ ದಢೂತಿ ಮನುಷ್ಯ ಮೂಲಂಗಿ ಎತ್ತಿ ಎಲ್ಲರಿಗೂ ತೋರಿಸಿದ. ಇನ್ನೊಬ್ಬ ಖರ್ಜೂರದ ಕೇಕಿಗೆ ಚಾಕು ಹಾಕಿ, ಚಾಕು ಹೊರಗೆ ಬರದೆ, ಕೇಕಿನ ಸಮೇತ ಎತ್ತಿಕೊಂಡು ಹೋದ.

ಅಪ್ಪ ಸಾಲಿನಲ್ಲಿ ನಿಂತಿರಲಿಲ್ಲ. ಬಡಿಸುವ ಮೇಜಿನ ಮುಂದೆ, ಎರಡು ಮಾರು ದೂರದಲ್ಲಿ ನಿಂತು ಬ್ಯಾನರು ನೋಡುತ್ತಿದ್ದ. ನೋಡಿ, ಹತ್ತಿರ ಹೋಗಿ ಬಗ್ಗಿ ನೋಡಿ, ಮತ್ತೆ ಹಿಂದೆ ಬಂದ. ನಾನು ಪಕ್ಕದಲ್ಲಿ ನಿಂತೆ.

“ಹಸಿ ಅಂತ ಯಾಕಿದೆ?” ಎಂದ ಮೆಲ್ಲಗೆ.

“ಚೀಟೀಲಿ ಹಾಗಿತ್ತು.”

“ಕೇಳಿದ್ಯಾ?”

“ಕೇಳಿದೆ.”

“ಸರಿ ಹಾಗಾದ್ರೆ.” ಮತ್ತೆ ಬ್ಯಾನರಿನ ಕಡೆ ತಿರುಗಿದ. ಜೇಬಿನಿಂದ ಬಲಗೈ ತೆಗೆದು, ಎಲ್ಲರೆದುರು, ನಡುಗುವ ಬೆರಳಿನಿಂದ ಗಾಳಿಯಲ್ಲಿ ‘ಕ್ರಿ’ ಬರೆದ. “‘ಕ’ದ ಕೆಳಗೆ ಕ್ರಾವಡಿ ನೋಡು ಹೇಗೆ ಸುತ್ತಿಕೊಂಡು ಬಂದಿದೆ. ನನಗೆ ಅದು ಯಾವತ್ತೂ ಇಷ್ಟು ಸಲೀಸಾಗಿ ಬಂದಿದ್ದಿಲ್ಲ.”

ನಾನು ಮೇಜಿನಿಂದ ಒಂದು ಕ್ಯಾರೆಟ್ ಎತ್ತಿಕೊಂಡು ಜೋರಾಗಿ ಅಗಿದೆ.

ಆಗಲೇ ಮೇಷ್ಟ್ರು ಮೇಡಮ್ಮನವರನ್ನು ಕರೆದುಕೊಂಡು ಒಳಗೆ ಬಂದದ್ದು. ಮೇಡಂ ಬಂದ ಕಾರು ಗೇಟಿನಲ್ಲಿ ನಿಂತಿತ್ತು. ಡ್ರೈವರಿಗೆ ಸೆಕೆಯಾಗದಿರಲೆಂದು ಎಂಜಿನ್ನು ಆರಿಸಿರಲಿಲ್ಲ. ಮೇಷ್ಟ್ರು ಕೈ ಬೀಸಿ ನಕ್ಷತ್ರ ತೋರಿಸುತ್ತ, ಬಾಟಲಿ ಮರ ತೋರಿಸುತ್ತ, ಮೇಜಿನ ಮುಂದೆ ಬಂದು ನಿಂತರು. ಕೈ ಗಾಳಿಯಲ್ಲೇ ಉಳಿಯಿತು. ಮೊದಲು ಕ್ಯಾರೆಟ್ಟಿನ ಗುಡ್ಡೆ ಕಂಡಿತು, ಆಮೇಲೆ ಮೂಲಂಗಿ, ಆಮೇಲೆ ಕೆಳಗೆ ಹನ್ನೆರಡಡಿ ಉದ್ದಕ್ಕೆ ‘ಬನ್ನಿ, ಹಸಿ ಕ್ರಿಸ್‌ಮಸ್ ಆಚರಿಸೋಣ’. ಅವರ ಬಾಯಿ ಬೈಗುಳದ ಆಕಾರಕ್ಕೆ ಬರುತ್ತಿತ್ತು.

“ಅಯ್ಯೋ!” ಎಂದರು ಮೇಡಂ.

ಮೇಷ್ಟ್ರ ಬಾಯಿ ಮುಚ್ಚಿತು.

“ಅಯ್ಯೋ, ಎಂಥಾ ಯೋಚನೆ! ಬೇಯಿಸೇ ಇಲ್ವಾ ಏನನ್ನೂ? ಗ್ಯಾಸಿಲ್ಲ, ಹೊಗೆ ಇಲ್ಲ, ಮಾಂಸ ಇಲ್ಲ! ನೂರಾರು ಕಡೆ ಹೋಗಿದ್ದೀನಿ, ಎಲ್ಲಾ ಕಡೆ ಅದೇ ಹಸಿರು, ಹಸಿರು, ಹಸಿರು. ಹಸಿ ಕ್ರಿಸ್‌ಮಸ್! ಒಂದೇ ಒಂದು ಅಕ್ಷರ ತೆಗೆದು... ಇದು ಯಾರ ಯೋಚನೆ?”

ಮೇಷ್ಟ್ರ ಮುಖ ಬದಲಾಗುವುದನ್ನು ನಾನು ಹತ್ತಿರದಿಂದ ನೋಡಿದೆ. ಹಳೆ ಬೋರ್ಡಿಗೆ ಹೊಸ ಬಣ್ಣ ಬಳಿದ ಹಾಗೆ, ಮೇಲಿಂದ ಕೆಳಕ್ಕೆ.

“ನಮ್ಮದೇ ಮೇಡಂ. ಅಂದರೆ, ನನ್ನದೇ. ನಲವತ್ತು ವರ್ಷ ಭಾಷೆ ಕಲಿಸಿದವನು ನೋಡಿ. ಒಂದು ಅಕ್ಷರ ಕಡಿಮೆ ಮಾಡಿದರೂ ಅಷ್ಟು ಬಣ್ಣ ಉಳಿಯುತ್ತೆ ಅಂತ.”

“ಅದ್ಭುತ! ಆದರೆ ಗೇಟಲ್ಲಿ ಹಸಿರು ಅಂತ ಇದೆಯಲ್ಲ? ಅದೂ ಫ್ಲೆಕ್ಸಲ್ಲಿ? ಫ್ಲೆಕ್ಸಿಗೆ ನಾವು ಪ್ರಶಸ್ತಿಪತ್ರ ಕೊಡಲ್ಲ.”

“ಅದು, ಅದು ಫ್ಲೆಕ್ಸ್ ಅಂಗಡಿಯವನ ತಪ್ಪು. ನಮ್ಮ ನಿಜವಾದ ಬ್ಯಾನರು ಇದೇ. ಬಟ್ಟೆ. ಕೈಬರಹ. ನಾನೇ ಚೀಟಿ ಕೊಟ್ಟು ಬರೆಸಿದ್ದು.”

ಸಭಾಂಗಣದಲ್ಲಿ ಕ್ಯಾರೆಟ್ ಅಗಿಯುವ ಸದ್ದು ನಿಂತಿತು. ಪಾದ್ರಿಗಳು ತಟ್ಟೆ ಹಿಡಿದುಕೊಂಡೇ ಮುಂದೆ ಬಂದರು. ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ, ಹೇಳಿದ್ದನ್ನು ಮರೆಯಲೂ ಬರುವುದಿಲ್ಲ.

“ಮೇಷ್ಟ್ರೇ, ಮೊನ್ನೆ ಭಾನುವಾರ ಇದು ಹುಡುಗನ ತಪ್ಪು ಅಂದಿರಲ್ಲ?”

“ತಮಾಷೆಗೆ ಅಂದಿದ್ದು ಫಾದರ್. ಹುಡುಗನ್ನ ಚೂರು ರೇಗಿಸೋಣ ಅಂತ.” ಮೇಷ್ಟ್ರು ನಗುತ್ತ ಸುತ್ತ ನೋಡಿದರು. ನಾನು ಸಿಕ್ಕಿದೆ. “ಇಲ್ಲೇ ಇದ್ದಾನಲ್ಲ! ಅವನನ್ನೇ ಕೇಳಿ. ಏನಪ್ಪಾ, ‘ಹಸಿ’ ಅಂತ ನಾನೇ ತಾನೇ ಬರೆದುಕೊಟ್ಟಿದ್ದು? ನನ್ನ ಚೀಟಿ ಇರಬೇಕಲ್ಲ ನಿನ್ನ ಹತ್ರ? ನೀವು ಬೋರ್ಡಿನವರು ಚೀಟಿ ಎಸೆಯಲ್ಲ, ನನಗೆ ಗೊತ್ತು. ತೆಗಿ, ಮೇಡಂಗೆ ತೋರಿಸು.”

ಎಲ್ಲರೂ ನನ್ನ ಕಡೆ ತಿರುಗಿದರು. ಏಣಿಯ ಕೆಳಗೆ ನಿಂತು ನಕ್ಕಿದ್ದವರೆಲ್ಲ ಇದ್ದರು, ಒಬ್ಬರೂ ತಪ್ಪಿಸಿಕೊಂಡಿರಲಿಲ್ಲ. ಆ ಕೂಸೂ ಇತ್ತು, ಸೌತೆಕಾಯಿ ಚೀಪುತ್ತಿತ್ತು. ನಾಲ್ಕು ದಿನ ನಾನು ಬಯಸಿದ್ದ ಗಳಿಗೆ ಇದೇ. ನಡುವೆ ನಿಲ್ಲಬೇಕು, ಚೀಟಿ ಬಿಚ್ಚಬೇಕು, ಓದಬೇಕು. ಮೇಷ್ಟ್ರೇ ಕೈ ಮುಗಿಯುವಂತೆ ನಿಂತು ಅದನ್ನೇ ಕೇಳುತ್ತಿದ್ದಾರೆ.

ಹೌದು ಎಂದರೆ ಅದು ನಿಜ. ನಿಜ ಹೇಳಿದ ಕೂಡಲೇ ಅವರ ತಪ್ಪು ಅವರ ಬುದ್ಧಿವಂತಿಕೆಯಾಗಿ ಕಟ್ಟು ಹಾಕಿಸಿಕೊಂಡು ಗೋಡೆಯ ಮೇಲೆ ನೇತಾಡುತ್ತದೆ. ಇಲ್ಲ ಎಂದರೆ ಸುಳ್ಳು, ಮತ್ತೆ ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು.

“ಹೇಳಪ್ಪಾ” ಎಂದರು ಮೇಷ್ಟ್ರು. ಹತ್ತಿರ ಬಂದು ದನಿ ತಗ್ಗಿಸಿದರು. “ಇನ್ಮೇಲೆ ಚರ್ಚಿನ ಬೋರ್ಡೆಲ್ಲಾ ನಿನಗೇ. ಶಾಲೆಯವರಿಗೂ ನಾನೇ ಹೇಳ್ತೀನಿ. ಒಂದು ಮಾತು. ಹೌದು ಅನ್ನು, ಸಾಕು.”

ಜೇಬಿಗೆ ಕೈ ಹಾಕಿದೆ. ಚೀಟಿಯ ಸುಕ್ಕು ಬೆರಳಿಗೆ ಸಿಕ್ಕಿತು. ಮೇಷ್ಟ್ರು ಅಂಗೈ ಚಾಚಿದರು. ಮೇಡಂ ಕನ್ನಡಕ ಹಾಕಿಕೊಂಡರು. ನಾನು ಅಪ್ಪನ ಮುಖ ನೋಡಿದೆ. ಅಪ್ಪ ಮೇಷ್ಟ್ರನ್ನು ನೋಡುತ್ತಿರಲಿಲ್ಲ, ನನ್ನನ್ನೂ ನೋಡುತ್ತಿರಲಿಲ್ಲ. ಇನ್ನೂ ಆ ಕ್ರಾವಡಿಯನ್ನೇ ನೋಡುತ್ತಿದ್ದ.

ಚೀಟಿಯನ್ನು ಒಳಗೇ ಬಿಟ್ಟು ಜೇಬಿನಿಂದ ಕೈ ತೆಗೆದೆ. ಕೈಯಲ್ಲಿ ಬಂದದ್ದು ಯಾವಾಗಲೂ ಅಲ್ಲೇ ಇರುವ, ಬ್ರಷ್ ಒರೆಸುವ ಬಟ್ಟೆಯ ತುಂಡು. ಅದರಲ್ಲಿ ಬೆರಳಿಗೆ ಹತ್ತಿದ್ದ ಬೀಟ್‌ರೂಟಿನ ಬಣ್ಣ ಒರೆಸಿಕೊಂಡೆ, ಒಂದೊಂದೇ ಬೆರಳು. ಆಮೇಲೆ ಬಾಗಿಲಿನ ಕಡೆ ತಿರುಗಿದೆ.

“ಎಲ್ಲಿಗೋ? ಲೋ! ಚೀಟಿ ಕೊಟ್ಟು ಹೋಗೋ!”

ಜನ ದಾರಿ ಬಿಟ್ಟರು. ಹಿಂದಿನಿಂದ ದೊಡ್ಡಮ್ಮ, “ಊಟ ಮಾಡ್ಕೊಂಡು ಹೋಗೋ” ಎಂದಳು. ಯಾವ ಊಟ ಎಂದು ಯಾರೋ ಕೇಳಿದರು. ಯಾರೋ ನಕ್ಕರು, ಈ ಸಲ ನನ್ನನ್ನು ನೋಡಿ ಅಲ್ಲ. ಅಂಗಳದಲ್ಲಿ ಎರಡು ಡ್ರಮ್ಮುಗಳ ನಡುವೆ ಹಾದು, ಬಾಟಲಿ ಮರ ದಾಟಿ, ಗುರುಗುಟ್ಟುತ್ತಲೇ ನಿಂತಿದ್ದ ಕಾರಿನ ಹೊಗೆಯೊಳಗಿಂದ ಗೇಟಿಗೆ ಬಂದೆ. ಮೇಲೆ ಫ್ಲೆಕ್ಸು ಪಟಪಟ ಬಡಿದುಕೊಳ್ಳುತ್ತಿತ್ತು. ಮೇಷ್ಟ್ರು ಇನ್ನೂ ಕೂಗುತ್ತಿದ್ದರು. ನಾನು ಬೀದಿಗಿಳಿದು ಮನೆಯ ಕಡೆ ನಡೆದೆ.